ಹಾರ ಹಾಕಿದ ನನ್ನ ಫೋಟೋ

ಕಲ್ಯಾಣ ಪೂರ್ವ
೧೮ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಸುನಿಲಗ ಅಕ್ಕ ದ್ರೌಪದಿಯ ಆಶೀರ್ವಾದ.

ಆರಾಮ ಅದಿ ಅನ್ಕೊಂಡೀನಿ. ಬದಲಾಪುರದಾಗ ಮಳಿ ಜೋರ ಐತಂತ, ನಿನಗ ತಂಪು ಆಗಿಬರೂದಿಲ್ಲ, ಕಿವಿಗೆ ಅರಿವಿ ಕಟ್ಕೋ. ಹೆಂಡ್ತಿಯ ತವರುಮನಿಗೆ ಹೋಗಿ ಕುಂತು ನೀ ನನ್ನ ಫೋನ್ ಎತ್ತವಲ್ಲಿ, ಅದಕ್ಕ ಈ ಕಾಗದ. ಸತ್ತ ಅಕ್ಕನ ಫೋನ್ ಎತ್ತೂದು ಯಾರಿಗಾದ್ರೂ ಕಷ್ಟನ ಬಿಡು.

ಫೋನಿನ್ಯಾಗ ನನ್ನ ಹಾಡಿನ ಪೇಜ್ ಶುರು ಮಾಡಿದ್ದು ನೆನಪೈತೇನು? ನಾವಿರೂ ಚಾಳಿನ ಸೋಮವಾರದ ಭಜನಿಯಾಗ ನಾ ಹಾಡೂದು, ಕೇಳವ್ರು ಅದೇ ನಾಕು ಮನಿಯವರು. "ಅಕ್ಕಾ, ಇಂಥಾ ದನಿ ಈ ಗಲ್ಲಿಯಾಗ ಕೊಳೀಬಾರದು" ಅಂದಾವ ನೀನ. ಫೋನ್ ಉದ್ದಕ ನಿಲ್ಲಿಸಬೇಕು, ಪಲ್ಲವಿ ಮೊದಲ ಬರಬೇಕು, ಆಲಾಪ ಮಾಡ್ಕೋತ ಕುಂತ್ರ ಮಂದಿ ಬೆರಳಿಲೆ ದೂಡಿ ಮುಂದ ಹೋಗ್ತಾರ, ಕೂಲಿಯವ್ರು ಲೋಕಲ್ ರೈಲಿನ್ಯಾಗ ಮನಿಗೆ ಹೊಂಟಾಗ ವಿಡಿಯೋ ಹಾಕಬೇಕು, ಕಮೆಂಟ್ ಹಾಕಿದವರಿಗೆಲ್ಲಾ ತಿರುಗಿ ಬರೀಬೇಕು, ಎಲ್ಲಾ ನೀನ ಕಲಿಸಿದ್ದು. ಮಸಾಲಿ ಪ್ಯಾಕಿಂಗ್ ಕೆಲಸದಿಂದ ಬಂದು ಕಣ್ಣಿನ ಉರಿ ಹೋಗೂಕಿಂತ ಮೊದಲ ನಾ ಉತ್ತರ ಬರೀತಿದ್ದೆ. ಡೊಂಬಿವಲಿಯವ್ರು ಕರದ್ರು, ಠಾಣೆಯವ್ರು ಕರದ್ರು. ನಮ್ಮ ಮನಿಯವ್ರು, ನಿಮ್ಮ ಮಾಮಾ, ಗೋದಾಮಿನ ಹಮಾಲಿ ಬಿಟ್ಟು ಬಂದು ಮುಂದಿನ ಸಾಲಿನ್ಯಾಗ ಕುಂದರತಿದ್ರು. ನಾ ಹಿಗ್ಗಿದ್ದು ಸುಳ್ಳಲ್ಲ. ಇದೆಲ್ಲಾ ನನ್ನ ತಮ್ಮನ ಪುಣ್ಯ ಅಂತ ಸ್ಟೇಜ್ ಮ್ಯಾಲನ ಹೇಳೀನಿ.

ಆಮ್ಯಾಲ ನೋಡವ್ರು ಕಡಿಮಿ ಆದ್ರು. ನನಗೇನೂ ಅನಿಸಲಿಲ್ಲ, ನಿನಗ ಮಾತ್ರ ಹುಚ್ಚು ಹಿಡದಂಗಾತು. "ಶ್ರದ್ಧಾಂಜಲಿ ವಿಡಿಯೋ ಭಾಳ ಓಡ್ತಾವ ಅಕ್ಕಾ" ಅಂತ ಒಮ್ಮೆ ಅಂದಿ, ನಾ ನಕ್ಕು ರೊಟ್ಟಿ ಬಡಕೋತ ಕುಂತೆ. ಹೋದ ವಾರ ಕೆಲಸದ ಜಾಗಾದಾಗ ಬಾಜೂಕಿನಾಕಿ ನನ್ನ ಮಾರಿ ನೋಡಿ ಕೈಯಾಗಿನ ಲೋಟಾ ಬಿಟ್ಲು. ಆಕಿ ಫೋನಿನ್ಯಾಗ ನನ್ನ ಫೋಟೋ, ಕಪ್ಪು ಬಿಳಿ, ಮ್ಯಾಲ ಹಾರ. ಕೆಳಗ "ನಮ್ಮ ಅಕ್ಕನ ಕೊನೆಯ ಹಾಡು, ಎಲ್ಲರಿಗೂ ಕಳಿಸಿರಿ" ಅಂತ ನೀ ಬರದದ್ದು. ನಿನಗ ಫೋನ್ ಮಾಡಿದ್ರ "ಎಂಟು ದಿನ ಸುಮ್ಮ ಇರು, ಆಮ್ಯಾಲ ಬದುಕ್ಯಾಳ ಅಂತ ಇನ್ನೊಂದು ಹಾಕೂಣು, ಅದು ಇನ್ನೂ ಓಡತೈತಿ" ಅಂದಿ. ಬ್ಯಾರೆ ಯಾರರ ಮಾಡಿದ್ರ ಬೈದು ಬಿಡತಿದ್ದೆ. ಒಡಹುಟ್ಟಿದವ ನೀ, ನನ್ನ ಬೆನ್ನ ಮ್ಯಾಲ ಬೆಳದವ. ನಾ ಅಳೂದು ಕೇಳಿಸ್ಕೊಂಡು ಫೋನ್ ಇಟ್ಟಿ, ಅವತ್ತಿಂದ ಎತ್ತಿಲ್ಲ. ಪಾಸ್‌ವರ್ಡ್ ನಿನ್ನ ಹಂತ್ಯಾಕ ಐತಿ, ಆ ವಿಡಿಯೋ ತಗದು ಹಾಕಾಕೂ ನನ್ನ ಕೈಲೆ ಆಗವಲ್ತು.

ಊರಾಗ ಯಾರೋ ಅವ್ವಗ ತೋರಿಸ್ಯಾರ. ನಾ ಫೋನ್ ಮಾಡಿ "ಅವ್ವಾ, ನಾನ" ಅಂದ್ರ ಆಕಿ ನಂಬಲಿಲ್ಲ. ದಿನಾ ಫೋನಿನ್ಯಾಗ ನನ್ನ ಹಾಡ ಕೇಳಿದಾಕಿ, ಇದೂ ಮೊದಲ ರೆಕಾರ್ಡ್ ಮಾಡಿಟ್ಟ ದನಿ ಅಂತ ತಿಳದು "ಬಂದ್ ಮಾಡ್ರಿ ಅದನ್ನ" ಅಂತ ಅತ್ತಳು. ಕಡೀಕ ರಜಾ ಹಾಕಿ ವಿಜಯಪುರದ ಗಾಡಿ ಹತ್ತಿದೆ. ಬಾಗಲದಾಗ ಅವ್ವ ನನ್ನ ಗದ್ದ ಹಿಡದಳು, ಕಿವಿ ಮುಟ್ಟಿ ನೋಡಿದಳು, ಆಮ್ಯಾಲ ಕೈ ಬಿಡಲೇ ಇಲ್ಲ. ಇದನ್ನ ಮಾಡಿದವ್ರು ಯಾರು ಅಂತ ಮಂದಿ ಕೇಳಿದ್ರು. ನಿನ್ನ ಹೆಸರು ತುಟಿ ತನಕ ಬಂದಿತ್ತು. ನುಂಗಿದೆ, ನಿನ್ನ ಸಲುವಾಗಿ ಅಲ್ಲ, ಅವ್ವನ ಸಲುವಾಗಿ.

ನಿನ್ನೆ ತಿರುಗಿ ಬಂದೀನಿ. ಇವತ್ತು ಕಡೀ ಶ್ರಾವಣ ಸೋಮವಾರ, ಭಜನಿಗೆ ಕರದ್ರು. ಹೋಗಿ ಕುಂತೆ, ಒಬ್ಬಾಕಿ ವಿಡಿಯೋ ಮಾಡಾಕ ಫೋನ್ ಎತ್ತಿ ಹಿಡದಳು, ಹಾಡದ ಎದ್ದು ಬಂದೆ. ಸುನಿಲಾ, ಆ ವಿಡಿಯೋ ತಗಿ. ಸುಳ್ಳು ಹೇಳಿದ್ನಿ ಅಂತ ನಿನ್ನ ಮಾರಿ ತೋರಿಸಿ ಹೇಳು. ಅಲ್ಲಿತನಕ ನನ್ನ ಹೊಸ್ತಿಲ ತುಳಿಬ್ಯಾಡ.

ನಿನ್ನ ಹೆಂಡ್ತಿಗೆ ನನ್ನ ಆಶೀರ್ವಾದ, ಆ ಹುಡುಗೀದು ಏನೂ ತಪ್ಪಿಲ್ಲ. ನಿನಗೂ ದೇವ್ರು ಒಳ್ಳೇದ ಮಾಡ್ಲಿ, ಅದಕ್ಕಿಂತ ಮೊದಲ ಬುದ್ಧಿ ಕೊಡ್ಲಿ.

ಇಂತಿ ನಿನ್ನ ಅಕ್ಕ
ದ್ರೌಪದಿ

ತಾ.ಕ.: ಸಿಟ್ಟಿನ್ಯಾಗ ಬರಿಯೂದ ಮರತಿದ್ದೆ. ಈ ಕಾಗದ ಬರಿ ಅಂತ ಹೇಳಿದಾಕಿ ಅವ್ವ. ನಾ ಹೊಂಟಾಗ ಸೆರಗು ಹಿಡದು, "ನೀ ಬದುಕಿದ್ದು ಸುನ್ಯಾಗ ಯಾರರ ಹೇಳ್ಯಾರೇನು? ಅಕ್ಕ ಹೋದ್ಲು ಅಂತ ಕೂಸು ಎಲ್ಲಿ ಅಳ್ಕೋತ ಕುಂತೈತೋ, ಉಂಡೈತೋ ಇಲ್ಲೋ. ಮೊದಲ ಅವಗ ತಿಳಿಸು" ಅಂದಳು. ತಿಳಿಸೀನಿ ತಮ್ಮಾ. ನಿಮ್ಮ ಅಕ್ಕ ಬದುಕ್ಯಾಳ. ಅಳಬ್ಯಾಡ, ಊಟ ಮಾಡು.