ಬ್ಲೇಡಿನಿಂದ ಕೊಯ್ದ ಸ್ಪೀಕರ್

ರಾಯಚೂರು
2-8-1989

ಮಾನ್ವಿಯಲ್ಲಿರುವ ನನ್ನ ಅಕ್ಕ ಮಾನಮ್ಮನಿಗೆ ತಮ್ಮ ಹಂಪಯ್ಯನ ಜೈಭೀಮ್. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಇವತ್ತು ಆ ಸಾಲು ಬರೆಯಲು ಕೈ ಬರುತ್ತಿಲ್ಲ.

ಕನಕೀ, ಈ ಪತ್ರವನ್ನು ನಿನ್ನವ್ವನಿಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ನಡುನಡುವೆ ನಿನ್ನ ಮಾವನ ಮಾನ ಹೋಗುವ ಮಾತುಗಳು ಬರುತ್ತವೆ. ಬಿಡಬೇಡ ನನ್ನವ್ವ, ಇದ್ದದ್ದು ಇದ್ದ ಹಾಗೆ ಓದು.

ಅಕ್ಕಾ, ಆಗಸ್ಟ್ ಹದಿನೈದಕ್ಕೆ ಸಾಲಿಯಲ್ಲಿ ಹಾಡಲು ಮಾಸ್ತರರು ಕನಕಿಯನ್ನು ಆರಿಸಿದ್ದಾರಂತೆ. ನೀನು "ನಮ್ಮ ಮನಿತನದ ಗಂಟಲದಾಗ ಒಡಕದ, ಮೈಕಿನ ಮುಂದ ನಿಂತು ಮಂದಿ ಕೈಲೆ ನಗಿಸ್ಕೋಬ್ಯಾಡ" ಎಂದು ಬಿಡಿಸಿದೆಯಂತೆ. ಹುಡುಗಿ ನನಗೆ ಕಾರ್ಡು ಬರೆದಿದ್ದಾಳೆ, ಬೈಯಬೇಡ. ಅದನ್ನು ಓದಿದ ಮೇಲೆ ಈ ಪತ್ರ ಬರೆಯಲು ಕೂತೆ. ಮೂರು ವರ್ಷದ ಹಿಂದೆ ದೇವದುರ್ಗದ ನಮ್ಮ ಕೇರಿಯಲ್ಲಿ, ಬಾಬಾಸಾಹೇಬರ ಜಯಂತಿಯ ದಿನ, ನೀನು ಹಾಡಿದಾಗ ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಸ್ಪೀಕರ್ ಹರಿದಿತ್ತು. ಹರಿದವನು ನಾನು.

ಬುಡದಿಂದ ಹೇಳುತ್ತೇನೆ. ಆ ವರ್ಷ ನಾನು ಇಲ್ಲಿಯ ತೀನ್ ಕಂದೀಲ್ ಚೌಕದ ಹತ್ತಿರ ಉಸ್ತಾದ್ ಶಾಮೀದಸಾಬರ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದೆ. ಅವರ ಮೈಕ್ ಸೆಟ್ ಬಾಡಿಗೆಗೆ ಹೋದರೆ ಅದರ ಹಿಂದೆ ಹೋಗುವವನೂ ನಾನೇ. ಒಂದು ದಿನ ಶಕ್ತಿನಗರದ ಇಂಜಿನಿಯರೊಬ್ಬರು ರೀಲು ಸಿಕ್ಕಿಕೊಳ್ಳುತ್ತದೆ ಎಂದು ಟೇಪ್ ರೆಕಾರ್ಡರ್ ಕೊಟ್ಟು ಹೋದರು. ರೀಲು ಸರಿ ಮಾಡಿ ಅವರದೇ ಕ್ಯಾಸೆಟ್ ಹಚ್ಚಿದೆ. ಗರ್‍ರ್ ಎಂದಿತು ಗಿಟಾರು. ಸ್ಪೀಕರ್ ಹರಿದಿದೆ ಎಂದು ಬದಲಿಸಿದೆ, ಮತ್ತೆ ಅದೇ ಗರ್‍ರ್. ಇನ್ನೊಂದು ಹಾಕಿದೆ, ಅದೂ ಹಾಗೇ. ಸಂಜೆ ಬಂದ ಇಂಜಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಬಾರಿಸುವುದೇ ಹಾಗಂತೆ, ಹೆವಿ ಮೆಟಲ್ ಅನ್ನುತ್ತಾರಂತೆ. ಬಾರಿಸುವವನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಡಬ್ಬಿಯ ಮೇಲಿನ ಫೋಟೋದಲ್ಲಿ ಸೊಂಟದ ತನಕ ಕೂದಲಿತ್ತು, ಜಡಿಯಪ್ಪ ಎಂದು ನಾನೇ ಹೆಸರಿಟ್ಟೆ. ಕ್ಯಾಸೆಟ್ಟಿನ ನಕಲು ಮಾಡಿಕೊಂಡೆ.

ಏನು ಬಾರಿಸುತ್ತಾನೆ ಅಕ್ಕಾ ಅವನು. ಒಮ್ಮೆ ಹಂಚಿನ ಮೇಲೆ ಜೋಳದ ಅರಳು ಸಿಡಿದ ಹಾಗೆ ಸ್ವರಗಳು ಸಿಡಿಯುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ಆಮೇಲೆ ಎಲ್ಲ ಬಿಟ್ಟು ಒಂದೇ ಸ್ವರ ಹಿಡಿದು ಎಳೆಯುತ್ತಾನೆ. ಹರಕು ದನಿ ಅದು, ಆದರೂ ತುಂಡಾಗುವುದಿಲ್ಲ. ಸಣ್ಣವರಿದ್ದಾಗ ಗೂಗಲ್ ಊರಿನ ಹೊಳೆದಂಡೆಯಲ್ಲಿ ನಿಂತು ನೀನು ಆಚೆಯ ಹರಿಗೋಲಿನವನನ್ನು ಕೂಗುತ್ತಿದ್ದೆಯಲ್ಲ, ಕೊನೆಗೆ ದನಿ ನಡುಗುತ್ತ ನೀರಿನ ಮೇಲೇ ನಿಲ್ಲುತ್ತಿತ್ತಲ್ಲ, ಹಾಗೆ. ಆ ಟೋನಿನ ಹುಚ್ಚು ಹಿಡಿಯಿತು ನನಗೆ.

ಅಪ್ಪನ ಏಕತಾರಿಗೆ ಹಳೇ ಟೆಲಿಫೋನಿನ ಅಯಸ್ಕಾಂತ ಕಟ್ಟಿ, ಆಂಪ್ಲಿಫೈಯರಿಗೆ ವೈರು ಕೊಟ್ಟು ಮೀಟಿದೆ. ಸ್ವರ ಬಂತು, ಆ ಹರಕು ಬರಲಿಲ್ಲ. ಎರಡು ತಿಂಗಳು ಒದ್ದಾಡಿದೆ. ಜಯಂತಿಯ ಹಿಂದಿನ ದಿನ ತಲೆ ಕೆಟ್ಟು, ಅರ್ಧ ಬ್ಲೇಡು ತೆಗೆದುಕೊಂಡು ಅಂಗಡಿಯ ಬಾಕ್ಸ್ ಸ್ಪೀಕರಿನ ಕಾಗದವನ್ನು ಮೂರು ಕಡೆ ಕೊಯ್ದೆ. ಆಗಲೂ ಬರ್‍ರ್ ಎಂದಿತೇ ಹೊರತು ಜಡಿಯಪ್ಪ ಬರಲಿಲ್ಲ.

ಉಳಿದ ಸ್ಪೀಕರುಗಳು ಗಬ್ಬೂರಿನ ಮದುವೆಗೆ ಹೋಗಿದ್ದವು. ನಮ್ಮ ಕೇರಿಗೆ ಉಳಿದದ್ದು ಇದೊಂದೇ. ಉಸ್ತಾದರಿಗೆ ಹೇಳಲು ಧೈರ್ಯ ಸಾಲದೆ ಗೋಂದು ಹಚ್ಚಿ ಕಾಗದದ ತೇಪೆ ಹಾಕಿದೆ. ಭಾಷಣಗಳಿಗೆ ಅದು ತಡೆಯಿತು. ಕಡೆಗೆ, ತವರಿಗೆ ಬಂದಿದ್ದ ನೀನು ಹಾಡಲು ನಿಂತೆ. ನಮ್ಮ ಕೇರಿಯ ಹೆಣ್ಣುಮಗಳು ಮೈಕಿನ ಮುಂದೆ ನಿಂತದ್ದು ಅದೇ ಮೊದಲು, ಪದವೂ ನೀನೇ ಕಟ್ಟಿದ್ದು. ಎರಡನೇ ನುಡಿಗೆ ನೀನು ದನಿ ಎತ್ತಿದೆ, ಗೋಂದು ಬಿಟ್ಟಿತು. ಮೇಲಿನ ಓಣಿಯವರು ಕಟ್ಟೆಯ ಮೇಲಿಂದ "ಏನಬೇ, ತಗಡು ಬಡ್ಯಾಕತ್ತೀಯೇನು" ಎಂದು ಕೂಗಿ ನಕ್ಕರು. ನಮ್ಮವರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಭಾಷಣದವರ ದನಿ ನೆಟ್ಟಗಿತ್ತು, ಹಾಗಾಗಿ ಒಡಕು ನಿನ್ನದೇ ಎಂದು ಎಲ್ಲರೂ ನಂಬಿದರು. ನೀನೂ ನಂಬಿದೆ. ಅವತ್ತಿನಿಂದ ಬೀಸುವಾಗ ಸಹ ಒಂದು ಪದ ಅನ್ನಲಿಲ್ಲ.

ನಿನ್ನ ಪದ ಕೆಟ್ಟ ಸುದ್ದಿ ಕೇಳಿ ಉಸ್ತಾದರು ಮರುದಿನ ಸ್ಪೀಕರಿನ ಪೆಟ್ಟಿಗೆ ಬಿಚ್ಚಿ ನೋಡಿದರು. "ಇಲಿ ಕಡದದ್ದಲ್ಲ ಇದು, ಬ್ಲೇಡ್ ಆಡ್ಯದ. ಹೋಗಿ ನಿಮ್ಮಕ್ಕಗ ಹೇಳಿ ಬಾ" ಎಂದರು. ಹೂಂ ಎಂದೆ. ಮಾನ್ವಿ ಬಸ್ಸನ್ನೂ ಹತ್ತಿದೆ. ನೀನು ಬಿಸಿ ಸಜ್ಜೆ ರೊಟ್ಟಿ ಹಾಕಿ, ನೆರೆಮನೆಯ ಅಮೀರ್ ಬೀಗೆ ನನ್ನನ್ನು ತೋರಿಸಿ "ಅಷ್ಟು ಮಂದ್ಯಾಗ ನಗದವ ಇವನೊಬ್ಬನ ನೋಡವ್ವ, ನನ್ನ ತಮ್ಮ" ಎಂದೆ. ನಾನು ತಲೆ ತಗ್ಗಿಸಿ ರೊಟ್ಟಿ ತಿಂದು ವಾಪಸ್ ಬಂದೆ. ಥೂ, ನನ್ನ ಜನ್ಮಕ್ಕೆ. ಈಗಲೂ ಯಾರ ಮನೆಗೆ ಹೋದರೂ ನೀನು ಅದನ್ನೇ ಹೇಳುತ್ತೀಯಂತೆ.

ಹದಿನಾಲ್ಕರ ಸಂಜೆ ಹೊಸ ಸ್ಪೀಕರ್ ಹೊತ್ತು ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಅಮೀರ್ ಬೀಯ ಕಟ್ಟೆಯ ಮೇಲೆ ಮಲಗುತ್ತೇನೆ. ನನಗೆ ಬೈ, ಹೊಡೆ. ಕನಕಿಯನ್ನು ಮಾತ್ರ ಹಾಡಲು ಬಿಡು. ಅವಳದು ನಿನ್ನದೇ ಗಂಟಲು, ಅದರಲ್ಲಿ ಒಡಕಿಲ್ಲ.

ನಿನಗೆ ಮಾರಿ ತೋರಿಸಲು ನಾಚುವ ತಮ್ಮ,
ಹಂಪಯ್ಯ

ತಾ.ಕ.: ಪತ್ರ ಮಡಚಿ ಅಂಟಿಸುವವನಿದ್ದೆ, ಮತ್ತೆ ಬಿಚ್ಚಿದೆ. ಕನಕೀ, ಇದನ್ನೂ ಓದು. ಅಕ್ಕಾ, ಅವತ್ತು ನಾನು ನಗಲಿಲ್ಲ ಎಂಬುದು ಖರೆ. ಗೋಂದು ಬಿಟ್ಟು ನಿನ್ನ ದನಿ ಹರಿದಾಗ, ಎರಡು ತಿಂಗಳು ಹುಡುಕಿದ ಜಡಿಯಪ್ಪನ ಟೋನು ಬಂದುಬಿಟ್ಟಿತು. ಅದೇ ಎಳೆತ, ಅದೇ ನಡುಕ. ನನಗೆ ಮೈ ಜುಂ ಎಂದಿತು. ನೀನು ನನ್ನ ಕಡೆ ನೋಡಿ, ಬಂದ್ ಮಾಡು ಎಂದು ಕೈಸನ್ನೆ ಮಾಡಿದೆ. ಆಂಪ್ಲಿಫೈಯರಿನ ಗುಂಡಿ ನನ್ನ ಬೆರಳಲ್ಲೇ ಇತ್ತು. ನಾನು ಅದನ್ನು ತಿರುವಿದೆ, ದನಿ ಇನ್ನೂ ಏರಲಿ ಎಂದು.