ನೂರು ಎಂಬತ್ತಾರಾದದ್ದು ಹೇಗೆ ಅಂದ್ರೆ

ಆಸ್ಪತ್ರೆ, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಗುರುವಾರ, ಬೆಳಿಗ್ಗೆ ಹತ್ತೂಕಾಲು

ಲೋ ತಮ್ಮಾ, ನನ್ನ ಮುದ್ದು ಕತ್ತೆ,

ಹೇಗಿದ್ದೀಯೋ? ತಲೆ ಹಿಂದಿನ ಗಾಯಕ್ಕೆ ಹೊಲಿಗೆ ಹಾಕಿಸ್ಕೊಂಡ್ಯಾ? ಟೇಬಲ್ ಅಂಚಿಗೆ ನಿನ್ನ ತಲೆ ಹಿಡಿದು ಕುಟ್ಟಿದ್ದು ನಾನೇ ಅಲ್ವಾ, ಅದಕ್ಕೇ ಕೇಳ್ತಿದೀನಿ. ತುಕ್ಕು ಹಿಡಿದ ಅಂಚು ಅದು, ಇಂಜೆಕ್ಷನ್ ತಗೋ. ನಾನು ಚೆನ್ನಾಗಿದೀನಿ. ಮುಂದಿನ ಎರಡು ಹಲ್ಲಿಲ್ಲ, ಮಾತಾಡಿದ್ರೆ ಸೀಟಿ ಹೊಡೆದ ಹಾಗೆ ಕೇಳುತ್ತೆ, ನಗಬೇಡ. ಬಲಗೈಯ ಮೂರು ಬೆರಳು ನಟ್ ಬಿಚ್ಚೋ ಪಾನಾದಲ್ಲಿ ನೀನು ಕೊಟ್ಟ ಏಟಿಗೆ ಪುಡಿಪುಡಿ. ಒಳಗೆ ತಂತಿ ತೂರಿಸಿದಾರೆ. ಪೆನ್ನು ಹಿಡಿಯೋಕಾಗಲ್ಲ, ಅದಕ್ಕೇ ಫೋನಲ್ಲಿ ಬಾಯಿಮಾತಿನ ಪತ್ರ. ಬಾಯಿಗೇನು ಬರ ನನಗೆ, ನಿಂಗೇ ಗೊತ್ತಲ್ಲ.

ನಿನ್ನೆ ನಿನ್ನ ಹೆಂಡತಿ ಫೋನ್ ಮಾಡಿದ್ಲು. "ಭಾವಾ, ಇವರು ಊಟ ಬಿಟ್ಟು ಕೂತಿದಾರೆ. ವರ್ಕ್‌ಶಾಪಿಗೆ ವಾಪಸ್ ಬರಬಹುದಾ ಕೇಳು ಅಂದ್ರು" ಅಂದ್ಲು. ಹೇಳ್ತೀನಿ. ಮೊದ್ಲು ಆ ಬಾಂಡಿನ ವಿಷಯ ಕೇಳಿಸ್ಕೋ. ಅದು ಇಬ್ರಿಗೂ ಅರ್ಥ ಆಗದೇ ತಾನೇ ನಾಯಿಗಳ ಹಾಗೆ ಕಚ್ಚಾಡಿದ್ದು.

ಅಪ್ಪನ ಎರಡು ದೊಡ್ಡ ಲೇತ್ ಮೆಷಿನ್ ಮಾರಿದಾಗ ಆ ದುಡ್ಡಿಗೆ ಇಬ್ಬರ ಹೆಸರಲ್ಲಿ ಸರ್ಕಾರಿ ಬಾಂಡ್ ತಗೊಂಡವನು ನಾನೇ. ಎರಡು ವರ್ಷದ್ದು ನೂರಕ್ಕೆ ಆರೂವರೆ ಬಡ್ಡಿ ಕೊಡ್ತಿತ್ತು, ಹತ್ತು ವರ್ಷದ್ದು ಏಳು. ಅರ್ಧದಾಸೆಗೆ ಬಿದ್ದು ಹತ್ತು ವರ್ಷದ್ದೇ ಆರಿಸ್ದೆ. "ಸರ್ಕಾರದ ಕಾಗದ ಕಣೋ, ಒಂದು ಕಾಸೂ ಅಲ್ಲಾಡಲ್ಲ" ಅಂತ ನಿನ್ನ ಮುಂದೆ ಎದೆ ತಟ್ಕೊಂಡೆ. ಆಮೇಲೆ ಆರಾರು ತಿಂಗಳಿಗೊಂದು ಕಾಗದ ಬರೋದು, ನೂರರ ಬೆಲೆ ತೊಂಬತ್ತಾರು, ತೊಂಬತ್ತೊಂದು, ಎಂಬತ್ತಾರು. ಹೇಳೋಕೆ ಮುಖ ಇರಲಿಲ್ಲ. ಡ್ರಿಲ್ ಬಿಟ್ ಡ್ರಾಯರ್ ಅಡಿಗೆ ತುರುಕಿದೆ. ನೀನು ಸ್ವಂತ ಅಂಗಡಿ ಹಾಕ್ತೀನಿ, ಬಾಂಡ್ ಮಾರೋಣ ಅಂದ ವಾರವೇ ಆ ಕಾಗದ ನಿನ್ನ ಕೈಗೆ ಸಿಗಬೇಕಾ? "ಹದಿನಾಲ್ಕು ಎಲ್ಲೋ? ನುಂಗಿದ್ಯೇನೋ ಕಳ್ಳ?" ಅಂತ ನೀನು ಕೇಳ್ದೆ, ಐದು ಜನ ಕೆಲಸದವರ ಎದುರಿಗೆ. ನಂಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ನಿನ್ನ ಕಪಾಳಕ್ಕೆ ಬಾರಿಸಿದೆ. ಅಲ್ಲಿಂದ ಮುಂದಿನದು ನಿಂಗೂ ಗೊತ್ತು. ಕೆಲಸದವರು ರಕ್ತದ ಮೇಲೆ ಮರದ ಹೊಟ್ಟು ಸುರಿದು ಗುಡಿಸಿದ್ರಂತೆ, ಎಣ್ಣೆ ಚೆಲ್ಲಿದಾಗ ಮಾಡೋ ಹಾಗೆ.

ಪಕ್ಕದ ಮಂಚದಲ್ಲಿ ಸೊಂಟ ಮುರ್ಕೊಂಡ ಬ್ಯಾಂಕ್ ಗುಮಾಸ್ತರಿದಾರೆ. ಕೇಳಿದ್ದಕ್ಕೆ ಬೈತಾ ಹೇಳಿದ್ರು: "ಅಯ್ಯಾ ದಡ್ಡಾ, ಒಂದು ಕೋಣೆನ ತಿಂಗಳಿಗೆ ಏಳರಂತೆ ಹತ್ತು ವರ್ಷಕ್ಕೆ ಬಾಡಿಗೆಗೆ ಕೊಟ್ಟಿದ್ದೀಯ. ಈಗ ಅಂಥದ್ದೇ ಕೋಣೆಗಳಿಗೆಲ್ಲ ಹತ್ತು ಬಾಡಿಗೆ ಬರ್ತಿದೆ. ನಿನ್ನ ಏಳರ ಕೋಣೆನ ಪೂರ್ತಿ ಬೆಲೆ ಕೊಟ್ಟು ಯಾವ ಮುಠ್ಠಾಳ ಕೊಂಡ್ಕೋತಾನೆ?" ಅಷ್ಟೇ ಕಣೋ. ಹೊರಗೆ ಬಡ್ಡಿ ಏರಿದ್ರೆ ಹಳೇ ಬಾಂಡಿನ ಬೆಲೆ ಇಳಿಯುತ್ತೆ, ಬಡ್ಡಿ ಇಳಿದ್ರೆ ಬೆಲೆ ಏರುತ್ತೆ. ಇನ್ನೂ ಎಷ್ಟು ವರ್ಷ ಉಳಿದಿದ್ಯೋ ಅಷ್ಟು ದೊಡ್ಡ ಪೆಟ್ಟು. ಎರಡು ವರ್ಷದ್ದಾಗಿದ್ರೆ ಇಷ್ಟೊತ್ತಿಗೆ ಪೂರ್ತಿ ಅಸಲು ಕೈಗೆ ಬಂದಿರೋದು. ನಮ್ಮದಕ್ಕೆ ಇನ್ನೂ ಏಳು ವರ್ಷ. ಕಾದ್ರೆ ನೂರಕ್ಕೆ ನೂರೂ ಬರುತ್ತಂತೆ. ಕದ್ದವರು ಯಾರೂ ಇಲ್ಲ ಕಣೋ. ಇದನ್ನ ಅವತ್ತು ಹೇಳೋಕೆ ಬಂದಿದ್ರೆ ಎರಡು ನಿಮಿಷದ ಮಾತು.

ಪೊಲೀಸರಿಗೆ ಮೆಷಿನ್‌ಗೆ ಕೈ ಸಿಕ್ತು ಅಂದೆ. "ಮೆಷಿನ್ ಹಲ್ಲೂ ಉದುರಿಸ್ತಾ?" ಅಂತ ನಕ್ಕು ಹೋದ್ರು. ನೀನು ಚಿಕ್ಕವನಿದ್ದಾಗ ನಿನ್ನ ಬೆಲ್ಟಲ್ಲಿ ಹೊಡೀತಿದ್ದವನೂ ನಾನೇ, ಆಮೇಲೆ ಬೆನ್ನಿಗೆ ಎಣ್ಣೆ ಹಚ್ತಿದ್ದವನೂ ನಾನೇ. ಹೊಡೆಯೋದು ನೀನು ನನ್ನಿಂದಲೇ ಕಲ್ತೆ. ಹಂಗಾಗಿ ನಿನ್ನ ಮೇಲೆ ಸಿಟ್ಟಿಲ್ಲ. ಬಾ, ಏಳು ವರ್ಷ ಏನು ಮಹಾ, ಇಬ್ರೂ ಕಾಯೋಣ ಅಂತ ಹೇಳೋಕೇ ಈ ಪತ್ರ ಶುರು ಮಾಡಿದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗುಗೊಂದು ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಣ್ಣ

ಪತ್ರ ಇನ್ನೂ ಕಳಿಸಿಲ್ಲ, ಇದನ್ನೂ ಕೇಳಿಸ್ಕೋ. ಈಗ ಹನ್ನೊಂದೂವರೆ. ನರ್ಸ್ ಬಂದು ಬ್ಯಾಂಡೇಜ್ ಬಿಚ್ಚಿದ್ಲು. ಬೆರಳು ಮೊದಲನೇ ಸಲ ನೋಡಿದೆ. ಆಮೇಲೇನಾಯ್ತೋ, ಗುಮಾಸ್ತರು ಕಿರುಚ್ತಿದ್ರು. ನೋಡ್ತೀನಿ, ಅವರ ಹಣ್ಣು ಹೆಚ್ಚೋ ಚಾಕು ನನ್ನ ಎಡಗೈಲಿತ್ತು, ನಿನ್ನ ಹೆಸರು ಬಾಯಲ್ಲಿತ್ತು. ನನ್ನ ಹಾಸಿಗೆ ಹರಿದು ಹತ್ತಿಯೆಲ್ಲ ಹೊರಗೆ. ಗುಮಾಸ್ತರ ಕೈಲೇ ಬಾಂಡ್ ಮಾರೋ ಅರ್ಜಿ ಬರೆಸಿ, ಎಡಗೈ ಹೆಬ್ಬೆಟ್ಟು ಒತ್ತಿ, ಅವರ ಸಾಕ್ಷಿ ಹಾಕಿಸಿ ನಿಂಗೆ ಈಗ್ಲೇ ಕಳಿಸಿದೀನಿ. ನಿನ್ನ ಸೈನ್ ಹಾಕು. ಎಂಬತ್ತಾರಕ್ಕೇ ಮಾರು, ನನ್ನ ಪಾಲೂ ನೀನೇ ಇಟ್ಕೋ, ಎಲ್ಲಾದ್ರೂ ದೂರ ಅಂಗಡಿ ಹಾಕು. ಏಳು ವರ್ಷ ಕಾಯೋಕೆ ನನ್ನ ಕೈಲಿ ಆಗಲ್ಲ. ಬರಬೇಡ ಕಣೋ. ನಾನೇ ಕರೆದ್ರೂ ಬರಬೇಡ.