ಇಸ್ತ್ರಿಪೆಟ್ಟಿಗೆಗೆ ಕುಡಿಸಿದ ವಿನೆಗರ್

ತೂತುಕುಡಿ
ಮೇ 9, ಶುಕ್ರವಾರ

ಪ್ರೀತಿಯ ಸೊಸೆ ಪೇಚಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಾದರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ಬರೆಯೋಣವೆಂದರೆ ನನ್ನಂಥ ದೊಡ್ಡ ಮನುಷ್ಯನಿಗೆ ಪುರುಸೊತ್ತೆಲ್ಲಿ? ಬಂದರಿನ ಸಾಹೇಬರೆಲ್ಲ ಬನಿಯನ್ನಿನಲ್ಲೇ ನನ್ನ ಇಸ್ತ್ರಿ ಗಾಡಿಯ ಮುಂದೆ ಕಾಯುತ್ತಿರುತ್ತಾರೆ!

"ಇನ್ನೊಂದು ಬಟ್ಟೆ ಹಾಳು ಮಾಡಿದ್ರೆ ಗಾಡಿ ಮಾರಿ ಕೊಯಮತ್ತೂರಿಗೆ ಬಂದ್ಬಿಡಿ ಮಾವ" ಎಂದು ಬರೆದಿದ್ದೆಯಲ್ಲ, ಅದನ್ನೋದಿ ನಿಮ್ಮತ್ತೆ ಕುಣಿದಾಡಿದಳು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಗಾಡಿಯಿಲ್ಲದ ಸುಡಲೈಮುತ್ತು ಯಾರಿಗೆ ಬೇಕು?

ನೀನು ಕಳಿಸಿದ ಹಬೆ ಇಸ್ತ್ರಿಪೆಟ್ಟಿಗೆ ಈ ಊರಿನ ಉಪ್ಪುನೀರು ಕುಡಿದು ಕುಡಿದು ಬಿಳಿ ಪುಡಿ ಉಗುಳತೊಡಗಿತ್ತು. ಅಂಥ ಹೊತ್ತಿಗೇ ಪಕ್ಕದ ಮನೆಯ ಲೂರ್ದಮ್ಮ ಮೊಮ್ಮಗಳ ಬಿಳಿ ಗೌನು ತಂದು, "ಅಣ್ಣಾಚಿ, ಭಾನುವಾರ ಚರ್ಚಲ್ಲಿ ಮಗು ಮೊದಲ್ನೇ ಪ್ರಸಾದ ತಗೋತಾಳೆ. ಒಂದು ಕಲೆ ಬಿತ್ತೋ, ನಿಮ್ಮ ಮೀಸೆ ಬೋಳಿಸ್ತೀನಿ" ಎಂದಳು.

ಹಿಂದೆ ಕೆಂಡದ ಹಿತ್ತಾಳೆ ಪೆಟ್ಟಿಗೆಯನ್ನು ಹುಣಸೆಹುಳಿಯಲ್ಲಿ ಉಜ್ಜಿ ಪಳಗಿದ ಕೈಯಲ್ಲವೇ? ಹುಣಸೆಹುಳಿಗೆ ಉಪ್ಪು ಕದಡಿ ಇದರ ಹೊಟ್ಟೆಗೂ ಹುಯ್ದೆ.

"ಅಯ್ಯೋ, ಪೆಟ್ಟಿಗೆಗೆ ರಸಂ ಕುಡಿಸ್ತಿದ್ದೀರಾ? ಒಗ್ಗರಣೆ ನಾನು ಹಾಕ್ಲಾ?" ಎಂದಳು ನಿಮ್ಮತ್ತೆ. ಪೆಟ್ಟಿಗೆ ನನ್ನ ಪಂಚೆಗೇ ಕಂದು ನೀರು ಉಗಿಯಿತು.

ಕೊನೆಗೆ ಲೂರ್ದಮ್ಮನೇ ಮೀನಿನ ಉಪ್ಪಿನಕಾಯಿಗೆಂದು ಇಟ್ಟಿದ್ದ ವಿನೆಗರ್ ಕೊಟ್ಟಳು. ಅರ್ಧ ಅದು, ಅರ್ಧ ಕುಡಿಯುವ ನೀರು ತುಂಬಿ, ಕಾಯಿಸಿ, ಹಳೇ ಬಟ್ಟೆಯ ಮೇಲೆ ಹಬೆ ಬಿಟ್ಟೆ. ಸುಣ್ಣದಂಥ ಚೂರೆಲ್ಲ ಉದುರಿತು. ಆಮೇಲೆ ಬರೀ ನೀರು ತುಂಬಿ ಇನ್ನೊಮ್ಮೆ. ಆರಿದ ಮೇಲೆ ತಳಕ್ಕೆ ಅಡುಗೆ ಸೋಡ ಹಚ್ಚಿ ಒರೆಸಿದೆ. ಈಗ ಆ ತಳ ನೋಡಿಕೊಂಡು ತಲೆ ಬಾಚಬಹುದು! ಉಪಾಯ ನನ್ನದೇ ಎಂದು ಬೀದಿಗೆಲ್ಲ ಹೇಳಿದ್ದೇನೆ, ನೀನು ಬಾಯಿ ಬಿಡಬೇಡ.

ಗಂಡ, ಮಗುವಿನೊಂದಿಗೆ ತಣ್ಣಗಿರು ತಾಯಿ.

ನಿನ್ನ ಮಾವ,
ಸುಡಲೈಮುತ್ತು

ತಾ.ಕ.: ಆರಿದ ಮೇಲೆ ಎಂದು ಬರೆದೆ. ಆರಿರಲಿಲ್ಲ, ಪೇಚಿ. ಆರಿದೆ ಎಂದುಕೊಂಡು ತಳಕ್ಕೆ ಎಡ ಅಂಗೈ ಊರಿ ಒರೆಸುತ್ತಿದ್ದೆ. ಒಳಗಿನಿಂದ ನಿಮ್ಮತ್ತೆ, "ಏನ್ರೀ ಸೀದ ವಾಸನೆ? ಗೌನಾ?" ಎಂದು ಓಡಿಬಂದಳು. ನಾನೂ ಗೌನನ್ನೇ ನೋಡಿದೆ. ಸುಡುತ್ತಿದ್ದದ್ದು ನನ್ನ ಕೈ. ಸಕ್ಕರೆ ಕಾಯಿಲೆಯಿಂದ ಕೈ ಮರಗಟ್ಟಬಹುದು ಎಂದು ಡಾಕ್ಟರು ಹೇಳಿದಾಗ ನಕ್ಕಿದ್ದೆ. ಕಾವು ತಿಳಿಯದವನು ಆ ಮಗುವಿನ ಗೌನು ಹೇಗೆ ಮುಟ್ಟಲಿ? ಮಡಚಿದ್ದು ಮಡಚಿದಂತೆಯೇ ಇದೆ. ಅಂಗೈಯಲ್ಲಿ ದೊಡ್ಡ ಬೊಬ್ಬೆ ಎದ್ದಿದೆ. ಈಗಲಾದರೂ ಉರಿಯಲಿ ಎಂದು, ಊದದೆ ಕೂತಿದ್ದೇನೆ.